ನಾಲ್ಕು ತಂತಿಯ ಶಂಕರಾಭರಣ

ಶಿಕಾರಿಪುರದಿಂದ ಸೊರಬದ ಮಗಳ ಮನೆಗೆ ಹೋದಾಗಲೆಲ್ಲ ಮೊಮ್ಮಗನೇ ನನಗೆ ಗುರು. ಅವನ ಬಾಸ್ ಗಿಟಾರಿಗೆ ನಾಲ್ಕೇ ತಂತಿ. ಅವನು ಮೇಜರ್ ಸ್ಕೇಲ್ ಎನ್ನುವುದರಲ್ಲಿ ಇರುವುದು ನಮ್ಮ 29ನೆಯ ಮೇಳಕರ್ತ ಧೀರಶಂಕರಾಭರಣದ ಸ್ವರಗಳೇ. ಗ-ಮ, ನಿ-ಸಗಳ ನಡುವೆ ಒಂದು ಮೆಟ್ಟಿಲಿನ ಅಂತರ, ಉಳಿದೆಡೆ ಎರಡು. ಅತ್ಯಂತ ದಪ್ಪ ತಂತಿಯ 3ನೆಯ ಮೆಟ್ಟಿಲಲ್ಲಿ ನಡುಬೆರಳಿಟ್ಟು ಷಡ್ಜ ಹಿಡಿದರೆ, ಕೈ ಕದಲಿಸದೆಯೇ ಮೂರು ತಂತಿಗಳಲ್ಲಿ ತಾರಷಡ್ಜದವರೆಗೆ ಎಂಟೂ ಸ್ವರಗಳು ದೊರೆಯುತ್ತವೆ. ಹಾಗೆಯೇ 5ನೆಯ ಮೆಟ್ಟಿಲಿಗೆ ಸರಿದರೆ ಶ್ರುತಿ ಏರುತ್ತದೆ. ಬೆರಳುಗಳ ಪಾಠ ಮಾತ್ರ ಬದಲಾಗದು.

ಸಂಧಿವಾತದಿಂದ ಬಿಗಿದ ನನ್ನ ಎಡಗೈ ಅಂಗಿಯ ಗುಂಡಿಯನ್ನೂ ಹಾಕಲಾರದಾಗಿತ್ತು. ರಿಷಭಕ್ಕೆ ಕಿರುಬೆರಳು ಚಾಚಲು ತಿಂಗಳೇ ಹಿಡಿಯಿತು. “ನಿಧಾನ ಅಜ್ಜ, ಸ್ವರ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದು ಅವನು ಕಾದ. ಪ್ರಿಯ ವಿದ್ಯಾರ್ಥಿಗಳೇ, ಈಗ ಎರಡು ಗುಂಡಿಗಳನ್ನು ನಾನೇ ಹಾಕಿಕೊಳ್ಳುತ್ತೇನೆ. ಮೂರನೆಯದಕ್ಕೆ ಅಭ್ಯಾಸ ಸಾಗಿದೆ.