ದೆಹಲಿಗೆ ಹೊರಡುವ ಮುನ್ನ

ಮುಂಬರುವ ದಸರಾ ರಜೆಯಲ್ಲಿ ಕುಟುಂಬಸಮೇತರಾಗಿ ದೆಹಲಿಗೆ ಹೋಗಿಬರಬೇಕೆಂದು ನಮ್ಮ ಮನೆಯಲ್ಲಿ ನಿಶ್ಚಯವಾಗಿ ಎರಡು ತಿಂಗಳ ಮೇಲಾಯಿತು. ನಾವು, ನಮ್ಮ ಶ್ರೀಮತಿಯವರು, 9ನೆಯ ತರಗತಿಯಲ್ಲಿ ಓದುತ್ತಿರುವ ಮಗಳು, 5ನೆಯ ತರಗತಿಯ ಮಗ, 76 ವರ್ಷದ ನಮ್ಮ ತಾಯಿಯವರು, ಹೀಗೆ ಐದು ಜನ. ದೆಹಲಿಯಲ್ಲಿ ಉಳಿಯುವುದು ಮೂರು ದಿನ. ಕೇಳುವುದಕ್ಕೆ ಇದೊಂದು ಸಣ್ಣ ಸಂಗತಿ. ಆದರೆ ಈ ಮೂರು ದಿನಗಳ ಸಲುವಾಗಿ ಮನೆಯಲ್ಲಿ ನಡೆದ ಚರ್ಚೆ, ಮುನಿಸು, ಲೆಕ್ಕಾಚಾರಗಳನ್ನು ಬರೆದಿಟ್ಟರೆ ಇಂಥದೇ ಪ್ರವಾಸಕ್ಕೆ ಸಿದ್ಧರಾಗುತ್ತಿರುವ ಓದುಗ ಬಂಧುಗಳಿಗೆ ಪ್ರಯೋಜನವಾದೀತೆಂದು ತೋರಿತು.

ಹಿಂದೆ ಒಮ್ಮೆ, 2011ರ ಆರಂಭದಲ್ಲಿ, ನಾವು ದೆಹಲಿಯನ್ನು ನೋಡಿದ್ದುಂಟು. ಆಗ ತಂದೆಯವರು ಜೊತೆಗಿದ್ದರು. ಮನೆ ಕಾಯಲು ಒಬ್ಬರು ಬೇಕೆಂದು ಅವ್ವ ಊರಲ್ಲಿಯೇ ಉಳಿದಿದ್ದರು. ಒಂದೇ ದಿನದಲ್ಲಿ ಎಂಟು ಸ್ಥಳಗಳನ್ನು ತೋರಿಸುವುದಾಗಿ ಹೇಳಿದ ಬಾಡಿಗೆ ವಾಹನವೊಂದನ್ನು ಗೊತ್ತುಮಾಡಿಕೊಂಡೆವು. ಸ್ಥಳಕ್ಕೆ ಅರ್ಧ ತಾಸು. ತಂದೆಯವರಿಗೆ ಮೊಣಕಾಲಿನ ನೋವು, ಸ್ವಲ್ಪ ನಡೆದರೆ ನಿಲ್ಲಲೇಬೇಕು. ಕುತುಬ್ ಮಿನಾರಿನ ಬಾಗಿಲಲ್ಲಿ, "ಒಳಗೆ ಬಹಳ ನಡೆಯುವುದಿದೆ, ನೀವು ಗಾಡಿಯಲ್ಲಿಯೇ ಕುಳಿತಿರ್ರಿ" ಎಂದೆವು. ಕೆಂಪು ಕೋಟೆಯ ಎದುರಿಗೂ ಅದೇ ಮಾತು. ಸಂಜೆ ರಾಷ್ಟ್ರಪತಿ ಭವನವನ್ನು ದೂರದಿಂದ ಕಿಟಕಿಯಲ್ಲಿ ತೋರಿಸಿ ಚಾಲಕನು ಗಾಡಿ ತಿರುಗಿಸಿಬಿಟ್ಟ. ಆ ಗುಮ್ಮಟ ಮರೆಯಾಗುವವರೆಗೆ ತಂದೆಯವರು ಕುತ್ತಿಗೆ ಹೊರಳಿಸಿ ಹಿಂದಕ್ಕೇ ನೋಡುತ್ತಿದ್ದುದು ನಮಗೆ ನೆನಪಿದೆ. ಏಕೆಂದು ನಾವು ಕೇಳಲಿಲ್ಲ.

ಊರಿಗೆ ಮರಳಿದ ಮೇಲೆ ನೆರೆಯವರು, "ದಿಲ್ಲಿ ಹ್ಯಾಂಗಿತ್ರಿ ಮಾಸ್ತರ?" ಎಂದು ವಿಚಾರಿಸಿದರು. "ಗಾಡಿ ಚಲೋ ಇತ್ತು" ಎಂದು ತಂದೆಯವರು ಉತ್ತರಿಸಿದರು. ಅಂದು ಎಲ್ಲರೂ ನಕ್ಕೆವು. 2014ರಲ್ಲಿ ಅವರು ಲಿಂಗೈಕ್ಯರಾದರು. ಈಗ ಆ ಮಾತು ನೆನಪಾದರೆ ನಮಗೆ ನಗು ಬರುವುದಿಲ್ಲ.

ಇಷ್ಟಾದರೂ ಮನುಷ್ಯನಿಗೆ ಬುದ್ಧಿ ಬರುವುದು ತಡ. ಈ ಸಲವೂ ಮೊದಲು ಸಿದ್ಧವಾದದ್ದು ಪಟ್ಟಿಯೇ. ಮಗಳು ತನ್ನ ಮೊಬೈಲಿನಲ್ಲಿ ನೋಡಿ ನೋಡಿ ಒಂದೊಂದಾಗಿ ಸೇರಿಸಿದಳು. ಮಗನಿಗೆ ರೈಲು ವಸ್ತುಸಂಗ್ರಹಾಲಯ ಮತ್ತು ಮೆಟ್ರೋ. ಶ್ರೀಮತಿಯವರಿಗೆ ಚಾಂದನಿ ಚೌಕದ ಪೇಟೆ. ನಮಗೆ ಜಂತರ್ ಮಂತರ್. ಎಲ್ಲದರ ಮೇಲೆ ಆಗ್ರಾದ ತಾಜಮಹಲು. ಪಟ್ಟಿ 23ಕ್ಕೆ ಏರಿತು. ರಾತ್ರಿ ಊಟಕ್ಕೆ ಕುಳಿತಾಗ ಶ್ರೀಮತಿಯವರು, "ಅತ್ತಿಯವರಿಗೆ ಏನ್ ನೋಡಬೇಕಂತ ಯಾರರೆ ಕೇಳೀರೇನು?" ಎಂದರು. ಯಾರೂ ಕೇಳಿರಲಿಲ್ಲ.

ಅವ್ವನವರು ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ಜತ್ತಿಯವರು ರಾಷ್ಟ್ರಪತಿ ಆಗಿದ್ರಲ್ಲ, ಆ ಮನಿ ತೋರಸಪಾ. ಆಮ್ಯಾಲ ಆಗಸ್ಟ್ ಹದಿನೈದಕ್ಕ ಝಂಡಾ ಏರಸ್ತಾರಲ್ಲ, ಆ ಕ್ವಾಟಿ. ಅವೆರಡು ಸಾಕು."

ಕಿರಿಯ ಓದುಗರಿಗಾಗಿ ಒಂದು ಮಾತು. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ, 1974ರಲ್ಲಿ ಉಪರಾಷ್ಟ್ರಪತಿಗಳಾದ ಬಿ.ಡಿ. ಜತ್ತಿಯವರು, ಫಕ್ರುದ್ದೀನ್ ಅಲಿ ಅಹಮದ್ ಅವರು ಅಧಿಕಾರದಲ್ಲಿದ್ದಾಗಲೇ ನಿಧನರಾದ ಕಾರಣ 1977ರ ಫೆಬ್ರುವರಿ 11ರಿಂದ ಜುಲೈ 25ರವರೆಗೆ ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. ನಮ್ಮ ಹಿರಿಯರ ಊರೂ ಜಮಖಂಡಿ ತಾಲೂಕಿನದೇ. ತಂದೆಯವರು ಆಗ ಅಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು. ದೇಶಕ್ಕೆ ಅದು ಶೋಕದ ಹೊತ್ತು. ಆದರೂ ನಮ್ಮ ತಾಲೂಕಿನ ಹಿರಿಯರೊಬ್ಬರು ಆ ಹೊಣೆ ಹೊತ್ತರೆಂಬ ಅಭಿಮಾನ ಅವರಲ್ಲಿತ್ತು. ಪತ್ರಿಕೆಯ ಚಿತ್ರವನ್ನು ಕತ್ತರಿಸಿ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದರೆಂದು ಅವ್ವ ಅಂದು ಊಟದ ಹೊತ್ತಿನಲ್ಲಿ ಹೇಳಿದರು. ಕುತ್ತಿಗೆ ಹೊರಳಿಸಿ ನೋಡಿದ್ದರ ಅರ್ಥ ಅಷ್ಟು ವರ್ಷಗಳ ನಂತರ ನಮಗೆ ಆಯಿತು. ಊಟ ಮುಂದೆ ಹೋಗಲಿಲ್ಲ.

ಮರುದಿನ ಹಳೆಯ ಪಟ್ಟಿಯನ್ನು ಬಿಟ್ಟು ಹೊಸದಾಗಿ ಕುಳಿತೆವು. ಮೊದಲು ಕಾಲದ ವಿಚಾರ. ದೆಹಲಿಯ ಮೇ-ಜೂನ್ ತಿಂಗಳ ಬಿಸಿಲು ವೃದ್ಧರಿಗೆ ಸಲ್ಲದು. ಡಿಸೆಂಬರ್-ಜನವರಿಯಲ್ಲಿ ಮಂಜು ಕವಿದು ರೈಲುಗಳು ತಾಸುಗಟ್ಟಲೆ ತಡವಾಗುತ್ತವೆ. ರಾಷ್ಟ್ರಪತಿ ಭವನದ ಅಮೃತ ಉದ್ಯಾನ ಸಾರ್ವಜನಿಕರಿಗೆ ತೆರೆಯುವ ಫೆಬ್ರುವರಿ-ಮಾರ್ಚ್ ಎಲ್ಲಕ್ಕಿಂತ ಒಳ್ಳೆಯ ಕಾಲ. ಆದರೆ ಆಗ ಮಕ್ಕಳಿಗೆ ಪರೀಕ್ಷೆ. ದೀಪಾವಳಿಯ ಸುಮಾರಿಗೆ ಹೊಗೆ ತುಂಬಿದ ಗಾಳಿ. ಹೀಗಾಗಿ ದಸರಾ ರಜೆಯೇ ಗಟ್ಟಿಯಾಯಿತು. ಹೂವಿನ ತೋಟ ತಪ್ಪಿತು.

ಅನಂತರ ವಾರದ ವಿಚಾರ. ಕೆಂಪು ಕೋಟೆ, ರಾಷ್ಟ್ರಪತಿ ಭವನ, ರಾಷ್ಟ್ರೀಯ ವಸ್ತುಸಂಗ್ರಹಾಲಯ ಇವೆಲ್ಲವೂ ಸೋಮವಾರ ಮುಚ್ಚಿರುತ್ತವೆ. ತಾಜಮಹಲಿಗೆ ಶುಕ್ರವಾರ ಪ್ರವೇಶವಿಲ್ಲ. ರಾಷ್ಟ್ರಪತಿ ಭವನಕ್ಕಂತೂ ಸರ್ಕಾರಿ ರಜಾದಿನಗಳಂದೂ ಬಿಡುವುದಿಲ್ಲ. ಮುಂಗಡವಾಗಿ ಹೆಸರು ನೋಂದಾಯಿಸಿ ಗುರುತಿನ ಚೀಟಿಯೊಡನೆ ಹೋಗಬೇಕು. ಇದನ್ನು ನೋಡಿಕೊಳ್ಳದೆ ಶನಿವಾರ ಇಳಿದು ಸೋಮವಾರ ಮರಳುವ ಯೋಜನೆ ಹಾಕುವ ಕುಟುಂಬಗಳು ಎಷ್ಟೋ. ನಾವೂ ಮೊದಲು ಹಾಗೆಯೇ ಹಾಕಿದ್ದೆವು. ಬೆಳಗಾವಿಯಿಂದ ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ, ನಡುವೆ ಒಂದು ಹಗಲು. ರವಿವಾರ ಸಂಜೆ ಹತ್ತಿದರೆ ಮಂಗಳವಾರ ಬೆಳಿಗ್ಗೆ ಹಜರತ್ ನಿಜಾಮುದ್ದೀನ್ ನಿಲ್ದಾಣ. ಗುರುವಾರ ಮಧ್ಯಾಹ್ನ ಮರುಪಯಣ. ಮೂರು ದಿನವೆಂದರೂ ನಿಜಕ್ಕೂ ಎರಡೂವರೆ.

ಟಿಕೆಟಿನ ಬಗೆಗೂ ತಿಳಿಸುವುದಿದೆ. 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. 60 ವರ್ಷ ಮೀರಿದ ಪುರುಷರಿಗೂ 45 ವರ್ಷ ಮೀರಿದ ಮಹಿಳೆಯರಿಗೂ ಕೆಳಗಿನ ಬರ್ತಿನ ಪ್ರತ್ಯೇಕ ಕೋಟಾ ಇದೆ. ಆದರೆ ಒಂದು ಟಿಕೆಟಿನಲ್ಲಿ ಇಬ್ಬರಿಗಿಂತ ಹೆಚ್ಚು ಜನರಿದ್ದರೆ ಅದು ಅನ್ವಯಿಸದು. ಐವರನ್ನೂ ಒಂದೇ ಟಿಕೆಟಿನಲ್ಲಿ ಬರೆಸಲು ಹೊರಟಿದ್ದ ನಮ್ಮನ್ನು ಪರಿಚಿತರೊಬ್ಬರು ತಡೆದರು. ಅತ್ತೆ-ಸೊಸೆಯರಿಗೆ ಒಂದು, ನಮಗೂ ಮಕ್ಕಳಿಗೂ ಇನ್ನೊಂದು ಎಂದು ತೆಗೆದುಕೊಂಡೆವು. ಇಬ್ಬರಿಗೂ ಕೆಳಗಿನ ಬರ್ತ್ ದೊರೆಯಿತು.

ಕಷ್ಟವಾದದ್ದು ಆಗ್ರಾವನ್ನು ಬಿಡುವುದು. ಹೋಗುವ ದಾರಿಯೇ 200 ಕಿಲೋಮೀಟರಿಗೂ ಹೆಚ್ಚು. ಹೋಗಿಬಂದರೆ ಒಂದು ದಿನ ಪೂರ್ತಿ ವಾಹನದಲ್ಲಿಯೇ ಕಳೆಯುತ್ತದೆ. "ದಿಲ್ಲಿತನಕ ಹೋಗಿ ತಾಜಮಹಲ್ ನೋಡದ ಬಂದ್ರ ಗೆಳತ್ಯಾರು ನಗತಾರ" ಎಂದು ಮಗಳು ಎರಡು ದಿನ ಮಾತು ಬಿಟ್ಟಳು. ಅವಳ ಆಸೆ ತಪ್ಪೆಂದು ನಾವು ಹೇಳಲಾರೆವು. ಆ ವಯಸ್ಸಿನಲ್ಲಿ ನಾವೂ ಅದನ್ನೇ ಬೇಡುತ್ತಿದ್ದೆವು. ಮೂರನೆಯ ದಿನ ಅವಳನ್ನು ಕೂರಿಸಿಕೊಂಡು 2011ರ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆವು. ತಂದೆಯವರ ವಿಷಯವನ್ನು ಮಕ್ಕಳ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು. ಅವಳು ಏನೂ ಅನ್ನಲಿಲ್ಲ. ಆದರೆ ಅಂದು ಸಂಜೆ ಅಜ್ಜಿಯೊಡನೆ ಗುಡಿಯವರೆಗೆ ತಾನೂ ಹೊರಟಳು, ಕೈಯಲ್ಲಿ ಗಡಿಯಾರ. ಅಜ್ಜಿ 20 ನಿಮಿಷ ನಡೆಯುತ್ತಾರೆ, ಬಳಿಕ 10 ನಿಮಿಷ ಕುಳಿತುಕೊಳ್ಳಬೇಕು, ಏರುವ ಮೆಟ್ಟಿಲಿಗಿಂತ ಇಳಿಯುವ ಮೆಟ್ಟಿಲು ಅವರಿಗೆ ಕಠಿಣ ಎಂದು ಬಂದು ಹೇಳಿದಳು. ಮೊಣಕಾಲಿಗೆ ಇಳಿಜಾರೇ ಭಾರವೆಂಬುದು ನಮಗೂ ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ಯೋಜನೆಯೆಲ್ಲ ಅವಳದೇ. ಮಂಗಳವಾರ ಮಧ್ಯಾಹ್ನದವರೆಗೆ ವಿಶ್ರಾಂತಿ. ಸಂಜೆ ಇಂಡಿಯಾ ಗೇಟಿನ ಬಯಲು, 2019ರಲ್ಲಿ ಲೋಕಾರ್ಪಣೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕ. ಬುಧವಾರ ಬೆಳಿಗ್ಗೆ ರಾಷ್ಟ್ರಪತಿ ಭವನ, ಬೇರೇನೂ ಇಲ್ಲ. 1911ರ ಡಿಸೆಂಬರ್ 12ರಂದು ರಾಜಧಾನಿಯನ್ನು ಕಲಕತ್ತೆಯಿಂದ ದೆಹಲಿಗೆ ಸಾಗಿಸುವ ಘೋಷಣೆಯಾದ ಮೇಲೆ ವೈಸರಾಯರಿಗಾಗಿ ಲುಟಿಯೆನ್ಸ್ ರೂಪಿಸಿದ ಕಟ್ಟಡವದು, ಅದರಲ್ಲಿ 340 ಕೋಣೆಗಳಿವೆ ಎಂದು ಮಗಳು ಓದಿ ಹೇಳಿದಾಗ ಅವ್ವನವರು, "ಕಸಾ ಯಾರ್ ಹೊಡಿತಾರ?" ಎಂದು ಕೇಳಿದರು. ಮಧ್ಯಾಹ್ನ ಅವ್ವನವರೊಡನೆ ಕೋಣೆಯಲ್ಲಿ ನಾವು ಉಳಿಯುವುದು. ಮಕ್ಕಳನ್ನು ಕರೆದುಕೊಂಡು ಶ್ರೀಮತಿಯವರು ಮೆಟ್ರೋದಲ್ಲಿ ಕುತುಬ್ ಮಿನಾರಿಗೆ ಹೋಗಿಬರುವುದು. ಆ ಹೆಸರಿನ ನಿಲ್ದಾಣವಿದ್ದರೂ ಅಲ್ಲಿಂದ ಸ್ಮಾರಕಕ್ಕೆ ಆಟೋ ಬೇಕು. ಮಿನಾರಿನ 379 ಮೆಟ್ಟಿಲು ಹತ್ತುವ ಕನಸನ್ನು ಮಗ ಬಿಡಬೇಕಾಯಿತು. 1981ರ ದುರ್ಘಟನೆಯ ನಂತರ ಒಳಗೆ ಬಿಡುವುದಿಲ್ಲ. ರೈಲು ವಸ್ತುಸಂಗ್ರಹಾಲಯದ ಬದಲು ಮೆಟ್ರೋ ಎಂದು ಅವನೊಡನೆ ಒಪ್ಪಂದವಾಗಿದೆ.

ಗುರುವಾರ ಬೆಳಿಗ್ಗೆ ಕೆಂಪು ಕೋಟೆ. ಒಳಗಿನ ನಡಿಗೆ ಉದ್ದವೆಂದು ನಾವು ಗಾಲಿಕುರ್ಚಿಯ ಮಾತೆತ್ತಿದೆವು. "ನಾ ಏನ್ ದವಾಖಾನಿಗೆ ಹೊಂಟೇನೇನು?" ಎಂದು ಅವ್ವನವರು ಸಿಟ್ಟಾದರು. ಇದಕ್ಕೂ ಮಗಳೇ ದಾರಿ ತೆಗೆದಳು. ಧ್ವಜ ಹಾರುವುದು ಲಾಹೋರಿ ದರವಾಜೆಯ ಮೇಲೆ. 1947ರ ಆಗಸ್ಟ್ 16ರಂದು ನೆಹರೂ ಅವರು ಮೊದಲ ಸಲ ಧ್ವಜ ಏರಿಸಿದ್ದೂ ಇದೇ ಕೋಟೆಯ ಮೇಲೆ. ಆ ದರವಾಜೆ ಕೋಟೆಯ ಮುಂಭಾಗದಲ್ಲಿಯೇ ಇದೆ. ಅಜ್ಜಿ ನೋಡಬೇಕೆಂದದ್ದು ಒಳಹೊಗುವ ಮೊದಲೇ ಕಾಣುತ್ತದೆ. ಅಲ್ಲಿ ಕುಳಿತು ಕಣ್ತುಂಬ ನೋಡಿ, ಶಕ್ತಿಯಿದ್ದರೆ ದಿವಾನ್-ಇ-ಆಮ್ ವರೆಗೆ, ಇಲ್ಲವಾದರೆ ಅಲ್ಲಿಂದಲೇ ಹಿಂದಿರುಗುವುದು. ಆಗ ಎಲ್ಲರೂ ಹಿಂದಿರುಗುವುದು.

ತಂಗುವ ಸ್ಥಳದ ಪಾಡು ಬೇರೆ. ಲಿಫ್ಟ್ ಇದೆಯೇ ಎಂದು ಒಂದು ಕಡೆ ಫೋನಿನಲ್ಲಿ ಕೇಳಿದರೆ ಇದೆ ಎಂದರು. ಈಗ ನಡೆಯುತ್ತಿದೆಯೇ ಎಂದು ಕೇಳಿದ ಮೇಲೆ ದುರಸ್ತಿಯಲ್ಲಿದೆ ಎಂದರು. ಎರಡನೆಯ ಪ್ರಶ್ನೆ ಕೇಳಲು ಮರೆಯಬಾರದು. ಕೊನೆಗೆ ಬೇರೊಂದು ಕಡೆ ನೆಲಮಹಡಿಯ ಕೋಣೆಗಳೇ ಸಿಕ್ಕವು. ರೈಲಿನ ಊಟ ಅವ್ವನವರಿಗೆ ಒಗ್ಗದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಕಟ್ಟಿಕೊಳ್ಳುವುದೆಂದು ಅತ್ತೆ-ಸೊಸೆ ನಿರ್ಧರಿಸಿದ್ದಾರೆ. ಅದರಲ್ಲಿ ನಮಗೆ ಮಾತಿಲ್ಲ.

ಹೊರಡಲು ಇನ್ನು ಮೂರು ವಾರ. ಹೋದ ತಿಂಗಳು ಅವ್ವನವರು ಪೇಟೆಗೆ ಹೋಗಿ ಹೊಸ ಚಪ್ಪಲಿ ಕೊಂಡು ತಂದರು. ಅದು ಕಚ್ಚುವುದು ನಿಂತು ಮೆತ್ತಗಾಗಲೆಂದು ದಿನವೂ ಸಂಜೆ ಅದನ್ನೇ ಮೆಟ್ಟಿಕೊಂಡು ಗುಡಿಗೆ ಹೋಗಿ ಬರುತ್ತಿದ್ದಾರೆ. ನಿನ್ನೆ 25 ನಿಮಿಷ ನಿಲ್ಲದೆ ನಡೆದರೆಂದು ಮಗಳು ಗಡಿಯಾರ ನೋಡಿ ಹೇಳಿದಳು.