ಟ್ರೇಲರ್ ಮನೆ, ಭಾಗ 4: ರಾತ್ರಿ 2 ಗಂಟೆಯ ಅಲಾರ್ಮ್

ಕೊಲರಾಡೋ ಚಳಿಯಲ್ಲಿ ಹೆಂಗಿದ್ದೀಯಾ ಅಂತ ಕೇಳ್ತಾನೇ ಇದ್ರಲ್ಲಾ, ಇವತ್ತು ಅದೇ ಕಥೆ. ಉದ್ದ ಇದೆ, ಆದ್ರೂ ಪೂರ್ತಿ ಓದಿ.

ಬಾಡಿಗೆ ಉಳಿಸೋಕೆ ನಾನೂ ರೂಮ್‌ಮೇಟೂ ತಗೊಂಡ ಹಳೇ ಟ್ರೇಲರ್‌ನಲ್ಲಿ ಹೀಟರ್ ಕೆಟ್ಟಿತ್ತು. ಸೆಕೆಂಡ್ ಹ್ಯಾಂಡ್ ಪ್ರೊಪೇನ್ ಫರ್ನೇಸ್ ತಂದು ನಾವೇ ಕೂರಿಸಿದ್ವಿ. ಊರಿನ ಸಿಲಿಂಡರ್‌ನಲ್ಲಿ ಬ್ಯೂಟೇನೂ ಇರುತ್ತೆ, ಅದು ಸೊನ್ನೆ ಡಿಗ್ರಿ ಹತ್ರ ಬಂದ್ರೆ ದ್ರವವಾಗಿ ಕೂತ್ಬಿಡುತ್ತೆ. ಪ್ರೊಪೇನ್ ಕುದಿಯೋದೇ ಮೈನಸ್ 42ರಲ್ಲಿ. ಅದಕ್ಕೇ ಇಲ್ಲಿ ಅದು.

ಫರ್ನೇಸ್ ಒಳಗೆ ಬೆಂಕಿ ಉರಿಯೋದು ಮುಚ್ಚಿದ ಲೋಹದ ಡಬ್ಬಿಯಲ್ಲಿ. ಅದಕ್ಕೆ ಗಾಳಿ ಹೊರಗಿಂದ ಬರ್ಬೇಕು, ಹೊಗೆ ಹೊರಗೇ ಹೋಗ್ಬೇಕು. ನಾವು ಉಸಿರಾಡೋ ಗಾಳಿ ಡಬ್ಬಿಯ ಹೊರಮೈ ಸವರಿ ಬಿಸಿಯಾಗಿ ಬರುತ್ತೆ. ಎರಡೂ ಎಲ್ಲೂ ಸೇರ್ಬಾರ್ದು.

ಗ್ಯಾಸ್ ಜಾಯಿಂಟ್‌ಗೆಲ್ಲ ಸೋಪ್ ನೀರು ಹಚ್ಚಿ ನೋಡಿದ್ವಿ, ಒಂದು ಗುಳ್ಳೇನೂ ಬರ್ಲಿಲ್ಲ. ಥರ್ಮೋಸ್ಟಾಟ್ ತಿರುಗಿಸಿದ್ರೆ ಫ್ಯಾನ್ ಓಡ್ತು, ಟಿಕ್ ಟಿಕ್ ಅಂತು, ಬಿಸಿ ಗಾಳಿ ಬಂತು! ಅನ್ನ ಸಾರು ತಿಂದು ಮಲಗಿದ್ವಿ.

ರಾತ್ರಿ 2ಕ್ಕೆ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಕಿರುಚ್ತು. ಅವನು ಕಂಬಳಿಯೊಳಗಿಂದಲೇ, "ಹಳೇದು ಕಣೋ, ಬ್ಯಾಟರಿ ಕಿತ್ತು ಮಲಗು" ಅಂದ. ನಿಜ ಹೇಳ್ತೀನಿ, ಕೀಳೋಕೆ ಕೈ ಹಾಕಿದ್ದೆ. ತಲೆ ಭಾರ, ವಾಸನೆ ಏನೂ ಇಲ್ಲ. ಆಗ ನೆನಪಾಗಿದ್ದು ಮೈಸೂರಿನ ಪಕ್ಕದ ಮನೆ ಅಕ್ಕ. ಗ್ಯಾಸ್ ಗೀಸರ್, ಕಿಟಕಿ ಮುಚ್ಚಿದ ಬಚ್ಚಲು. ಬಾಗಿಲು ಒಡೆದು ಹೊರಗೆ ತಂದಿದ್ರು, ಹೆಂಗೋ ಬದುಕಿದ್ರು. ಅವ್ರಿಗೂ ವಾಸನೆ ಬಂದಿರ್ಲಿಲ್ಲ. ಸಿಲಿಂಡರ್ ಗ್ಯಾಸ್‌ಗೆ ವಾಸನೆ ಬೆರೆಸಿರ್ತಾರೆ, ಈ ವಿಷಕ್ಕೆ ವಾಸನೇನೇ ಇಲ್ಲ.

ಅವನನ್ನ ಎಳ್ಕೊಂಡು ಹೊರಗೆ ಓಡ್ದೆ. ಹಿಮದಲ್ಲಿ ಹವಾಯಿ ಚಪ್ಪಲಿ. 911ಕ್ಕೆ ಫೋನ್ ಮಾಡಿದ್ವಿ, ಫೈರ್‌ನವರು ಬಂದು ಮೀಟರ್ ಹಿಡ್ಕೊಂಡು ಒಳಗೆ ಹೋದ್ರು.

ಆಗಿದ್ದೇನು ಗೊತ್ತಾ? ಗೋಡೆ ದಪ್ಪಕ್ಕೆ ನಮ್ಮ ವೆಂಟ್ ಕೊಳವೆ ಗಿಡ್ಡ. ಫರ್ನೇಸ್ ಬಾಯಿಗೆ ಅದು ಕೂತೇ ಇರ್ಲಿಲ್ಲ. ಹೊಗೆ ಸಂದಿಯಿಂದ ಗೋಡೆಯೊಳಗೆ, ಅಲ್ಲಿಂದ ಹಾಸಿಗೆ ಹತ್ರ. ಗ್ಯಾಸ್ ಒಳಗೆ ಬರೋ ದಾರೀನ ಹತ್ತು ಸಲ ನೋಡಿದ್ವಿ, ಹೊಗೆ ಹೊರಗೆ ಹೋಗೋ ದಾರೀನ ಒಂದು ಸಲನೂ ನೋಡಿರ್ಲಿಲ್ಲ.

ಈಗ ಟೆಕ್ನಿಷಿಯನ್ ಬಂದು ಸರಿಯಾದ ಉದ್ದದ ಕೊಳವೆ ಹಾಕಿದ್ದಾರೆ. ಅಲಾರ್ಮೂ ಎರಡು: ಪ್ರೊಪೇನ್ ಗಾಳಿಗಿಂತ ಭಾರ, ಅದರದ್ದು ನೆಲದ ಹತ್ರ. ಇನ್ನೊಂದು ತಲೆದಿಂಬಿನ ಹತ್ರ.

ಊರಲ್ಲಿರೋರೇ, ನಿಮ್ಮನೆ ಗ್ಯಾಸ್ ಗೀಸರ್ ಬಚ್ಚಲೊಳಗೇ ಇದ್ಯಾ? ಇವತ್ತೇ ನೋಡಿ. ಹಾಸ್ಟೆಲ್‌ನಲ್ಲಿದ್ರೆ ಅಮ್ಮಂಗೆ ಫೋನ್ ಮಾಡಿ ಕೇಳಿ. ಅಲಾರ್ಮ್ ಕೂಗಿದ್ರೆ ಮೊದಲು ಹೊರಗೆ ಬನ್ನಿ, ವಾದ ಆಮೇಲೆ ಮಾಡಿ.

ಭಾಗ 5: ಹೆಪ್ಪುಗಟ್ಟಿದ ನೀರಿನ ಪೈಪು 🥶