ಸುದ್ದಿಯಿಲ್ಲ, ಹೋಗಿ ನೋಡಿ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ‘ಗಡಿನಾಡಿನ ಕನ್ನಡ: ನಿನ್ನೆ, ಇಂದು, ನಾಳೆ’ ಎಂಬ ಶೀರ್ಷಿಕೆ ತಾನಾಗಿಯೇ ನನ್ನ ಬಾಯಿಗೆ ಬಂದಿತು. ಈ ಹಿಂದಿನ ಸಂಚಿಕೆಗಳಿಗೆ ನಾನು ಕೊಟ್ಟಿರುವುದು ಬಹುಮಟ್ಟಿಗೆ ಅದನ್ನೇ. ಈ ಬಾರಿ ನನ್ನ ತೋಟದ ಟಾಂಕಿಯ ವಿಷಯವನ್ನು ಬರೆಯುತ್ತೇನೆ. ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು. ಕೊನೆಗೆ ಕನ್ನಡದ ಮಾತಿಗೇ ಬರುತ್ತೇನೆ.

ಕಾಸರಗೋಡಿನ ಒಳನಾಡಿನ ಅನೇಕರಂತೆ ನಮಗೂ ನೀರು ಸುರಂಗದಿಂದ ಬರುತ್ತದೆ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಹಿರಿಯರು ಮಾಡಿಟ್ಟ ಸುರಂಗದ ಒಸರು ಮೇಲಿನ ಟಾಂಕಿಯಲ್ಲಿ ಸಂಗ್ರಹವಾಗಿ, ಅಲ್ಲಿಂದ ಕೊಳವೆಯ ಮೂಲಕ ಅಡಿಕೆ ತೋಟಕ್ಕಿಳಿಯುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ. ಆದರೆ ಏಪ್ರಿಲ್ ತಿಂಗಳಲ್ಲಿ ಆ ಒಸರು ಕಿರುಬೆರಳಿನಷ್ಟು ತೆಳುವಾಗುತ್ತದೆ. ನಾಲ್ಕು ದಿನ ಕೂಡಿಟ್ಟು ಒಂದು ದಿನ ಬಿಡಬೇಕು. ಟಾಂಕಿ ತುಂಬಿತೇ ಎಂದು ತಿಳಿಯಲು ಎರಡು ಫರ್ಲಾಂಗು ಗುಡ್ಡ ಹತ್ತಬೇಕು. ಎಪ್ಪತ್ತಾರರ ಮೊಣಕಾಲುಗಳಿಗೆ ಅದು ಸಣ್ಣ ಮಾತಲ್ಲ.

ಕಳೆದ ಬೇಸಗೆಯಲ್ಲಿ ಮಗಳ ಮಗ ಮೂರು ತಿಂಗಳು ನಮ್ಮ ಮನೆಯಲ್ಲಿದ್ದ. ಎರ್ನಾಕುಳದಲ್ಲಿ ಬೆಳೆದ ಹುಡುಗ. ಮನೆಮಾತನ್ನು ಸೊಗಸಾಗಿ ಆಡುತ್ತಾನೆ, ಕನ್ನಡ ಓದಲು ಬಾರದು. ಕಿರುಯಂತ್ರಗಳಿಗೆ ತಂತ್ರಾಂಶ ಬರೆಯುವುದು ಅವನ ಉದ್ಯೋಗ. ಮನೆಯಿಂದಲೇ ಕೆಲಸ ಮಾಡುವ ಅನುಮತಿ ಪಡೆದು ಬಂದಿದ್ದ. ಒಂದು ದಿನ ಬೆಂಕಿಪೊಟ್ಟಣದಷ್ಟು ದೊಡ್ಡದಾದ ಹಲಗೆಯೊಂದನ್ನು ತೋರಿಸಿ, “ಅಜ್ಜ, ಇದನ್ನು ಟಾಂಕಿಯ ಬಳಿ ಇಟ್ಟರೆ ನೀವು ಗುಡ್ಡ ಹತ್ತಬೇಕಾಗಿಲ್ಲ. ನೀರಿನ ಸುದ್ದಿ ಫೋನಿಗೇ ಬರುತ್ತದೆ. ನನ್ನ ಕೆಲಸದ ಪರೀಕ್ಷೆಯೂ ಆಗುತ್ತದೆ” ಎಂದ.

ಅವನ ಕೆಲಸವೇನೆಂದು ಕೇಳಿದೆ. ಅಧ್ಯಾಪಕನಿಗೆ ಕೇಳುವ ಚಟ ನಿವೃತ್ತಿಯ ನಂತರವೂ ಬಿಡುವುದಿಲ್ಲ. ಯಂತ್ರಗಳು ಪರಸ್ಪರ ಸುದ್ದಿ ಕಳುಹಿಸಲು ಎಂ.ಕ್ಯು.ಟಿ.ಟಿ. ಎಂಬ ನಿಯಮಾವಳಿಯಿದೆಯಂತೆ. ಆರ್ಲೆನ್ ನಿಪ್ಪರ್ ಮತ್ತು ಐ.ಬಿ.ಎಂ. ಸಂಸ್ಥೆಯ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಎಂಬವರು 1999ರಲ್ಲಿ ಅದನ್ನು ರೂಪಿಸಿದರು. ನಿರ್ಜನ ಪ್ರದೇಶಗಳಲ್ಲಿ ಹಾಯುವ ತೈಲದ ಕೊಳವೆಗಳ ಸ್ಥಿತಿಯನ್ನು ಉಪಗ್ರಹದ ಮೂಲಕ ತಿಳಿಯುವುದು ಉದ್ದೇಶ. ಉಪಗ್ರಹದ ಸಂಪರ್ಕ ದುಬಾರಿಯಾದ್ದರಿಂದ ಮಾತು ಮಿತವಾಗಿರಬೇಕಿತ್ತು. ಸಂದೇಶದ ಲಕೋಟೆ ಕನಿಷ್ಠ ಎರಡೇ ಬೈಟು. ಕಳುಹಿಸುವವನಿಗೂ ಪಡೆಯುವವನಿಗೂ ನಡುವೆ ‘ಬ್ರೋಕರ್’ ಒಬ್ಬನಿರುತ್ತಾನೆ. ಅಡಿಕೆ ಮಾರುವ ನಮಗೆ ದಲ್ಲಾಳಿಯ ಪರಿಚಯವನ್ನು ಬೇರೆ ಮಾಡಿಕೊಡಬೇಕೇ? ಆದರೆ ಈ ದಲ್ಲಾಳಿ ಕೊನೆಯದಾಗಿ ಬಂದ ಸುದ್ದಿಯನ್ನು ಜೋಪಾನವಾಗಿಟ್ಟುಕೊಂಡು, ಯಾರು ಯಾವಾಗ ಕೇಳಿದರೂ ಅದನ್ನೇ ತೆಗೆದುಕೊಡಬಲ್ಲ. ಈ ಗುಣವನ್ನು ಓದುಗರು ನೆನಪಿನಲ್ಲಿಡಬೇಕು.

ಇದರ ತಮ್ಮನಂತಿರುವುದು ಎಂ.ಕ್ಯು.ಟಿ.ಟಿ.-ಎಸ್.ಎನ್.; ದುರ್ಬಲ ರೇಡಿಯೋ ಹಾಗೂ ಬ್ಯಾಟರಿಯ ಮೇಲೆ ಬದುಕುವ ಯಂತ್ರಗಳಿಗಾಗಿ ಇನ್ನಷ್ಟು ಇಳಿಸಿದ ರೂಪ. ದೊಡ್ಡ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಅದರ ತಂತ್ರಾಂಶವನ್ನು ಈ ಹಲಗೆಯ ಪುಟ್ಟ ಆಪರೇಟಿಂಗ್ ಸಿಸ್ಟಮ್‌ಗೆ ಒಗ್ಗಿಸುವುದೇ ಮೊಮ್ಮಗನ ಕೆಲಸ. ‘ಪೋರ್ಟ್ ಮಾಡುವುದು’ ಎನ್ನುತ್ತಾರಂತೆ. “ನೇಜಿ ಕಿತ್ತು ಬೇರೆ ಗದ್ದೆಯಲ್ಲಿ ನೆಟ್ಟ ಹಾಗೆ” ಎಂದೆ. “ಗದ್ದೆಯಲ್ಲ ಅಜ್ಜ, ಹೂವಿನ ಚಟ್ಟಿ” ಎಂದು ನಕ್ಕ. ಕೆಲಸದ ವೇಳೆ ಆ ಹಲಗೆ ಬಳಸಬಹುದಾದ ಸ್ಮರಣೆ 8 ಕಿಲೋಬೈಟು ಮಾತ್ರ. ನೀವೀಗ ಓದುತ್ತಿರುವ ಈ ಲೇಖನವೇ ಅದರಲ್ಲಿ ಹಿಡಿಸದು.

ಜಾಗದ ಕೊರತೆಗಿಂತ ಅವನನ್ನು ಹೆಚ್ಚು ಕಾಡಿದ್ದು ಇನ್ನೊಂದು ತೊಡಕು. ಮೂಲ ತಂತ್ರಾಂಶ ‘ಸಂದೇಶ ಕಳುಹಿಸು, ಉತ್ತರ ಬರುವವರೆಗೆ ಕಾಯುತ್ತಿರು’ ಎಂದು ಬರೆಯಲ್ಪಟ್ಟಿತ್ತು. ದೊಡ್ಡ ಯಂತ್ರದಲ್ಲಿ ಒಂದು ಕೆಲಸ ಕಾಯುತ್ತಿದ್ದರೆ ಬೇರೆ ಕೆಲಸಗಳು ತಮ್ಮಷ್ಟಕ್ಕೆ ನಡೆಯುತ್ತವೆ. ಇಲ್ಲಿ ಹಾಗಲ್ಲ, ಒಂದು ಕಾದರೆ ಎಲ್ಲವೂ ನಿಲ್ಲುತ್ತವೆ. ನನಗೆ ನನ್ನ ಮೊದಲ ಶಾಲೆ ನೆನಪಾಯಿತು. ಆಗಿನ್ನೂ ಬಿ.ಎ. ಮುಗಿಸಿರಲಿಲ್ಲ. ಸಹೋದ್ಯೋಗಿಗಳು ರಜೆಯಲ್ಲಿದ್ದ ತಿಂಗಳುಗಳಲ್ಲಿ ನಾಲ್ಕು ತರಗತಿಗಳನ್ನೂ ಒಬ್ಬನೇ ನೋಡಿಕೊಂಡಿದ್ದೆ. ಒಂದನೆಯವರಿಗೆ ಕಾಪಿ ಬರೆಯಲು ಕೊಟ್ಟು, ಎರಡನೆಯವರಿಗೆ ಮಗ್ಗಿ ಹೇಳಿಸಿ, ನಾಲ್ಕನೆಯವರಿಗೆ ಭಿನ್ನರಾಶಿಯ ಲೆಕ್ಕ ಹಾಕಿಕೊಟ್ಟು, ಮತ್ತೆ ಒಂದನೆಯವರ ಬಳಿಗೆ ಬರುವುದು. ಒಂದು ಮಗುವಿನ ಉತ್ತರಕ್ಕಾಗಿ ಅಲ್ಲೇ ನಿಂತರೆ ಉಳಿದ ಮೂರು ತರಗತಿಗಳು ಸಂತೆಯಾಗುತ್ತಿದ್ದವು. ಇದನ್ನು ಹೇಳಿದಾಗ ಮೊಮ್ಮಗ ಕುಳಿತಲ್ಲಿಂದ ಎದ್ದ. “ನಾನು ಮಾಡುತ್ತಿರುವುದೂ ಇದೇ ಅಜ್ಜ. ಕಳುಹಿಸಿದ್ದೇನೆಂದು ಗುರುತು ಹಾಕಿಟ್ಟು ಮುಂದೆ ಹೋಗಬೇಕು, ತಿರುಗಿ ಬಂದಾಗ ಉತ್ತರ ಬಂದಿದೆಯೇ ನೋಡಬೇಕು, ಹೊತ್ತು ಮೀರಿದ್ದರೆ ಮತ್ತೆ ಕಳುಹಿಸಬೇಕು” ಎಂದ. ಎರಡು ವಾರ ಇದೇ ಕೆಲಸದಲ್ಲಿ ಮುಳುಗಿದ್ದ.

ಆ ಮೇಲೆ ನನ್ನ ತಪ್ಪಿನ ಭಾಗ ಬರುತ್ತದೆ. ಯಂತ್ರದಿಂದ ಹೊರಡುವ ಸುದ್ದಿ ಕನ್ನಡದಲ್ಲೇ ಇರಬೇಕೆಂದು ನಾನು ಹಟ ಹಿಡಿದೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಅಕ್ಷರಕ್ಕೆ, ಗುಣಿತದ ಚಿಹ್ನೆಗೆ, ಒಂದೊಂದಕ್ಕೂ ಮೂರು ಬೈಟು ಬೇಕೆಂದು ಅವನು ವಿವರಿಸಿದ. ‘ತೋಟದ ಟಾಂಕಿಯ ನೀರಿನ ಮಟ್ಟ’ ಎಂಬ ವಿಷಯನಾಮವೊಂದೇ 60 ಬೈಟು. ಇಂತಹ ಕಿರು ರೇಡಿಯೋಗಳ ಸಾಮಾನ್ಯ ಮಾನದಂಡವೊಂದರಲ್ಲಿ ಒಂದು ಕಂತಿನ ಮಿತಿಯೇ 127 ಬೈಟು. “ಕನ್ನಡವನ್ನು ಇಡಬಹುದು, ಆದರೆ ಜಾಗಕ್ಕಾಗಿ ಇನ್ನೊಂದು ವಿಭಾಗವನ್ನು ಬಿಡಬೇಕಾಗುತ್ತದೆ” ಎಂದ. ಯಾವ ವಿಭಾಗವೆಂದು ನಾನು ಕೇಳಲಿಲ್ಲ. “ಬಿಡು” ಎಂದೆ.

ಹತ್ತು ದಿನ ನನ್ನ ಆನಂದಕ್ಕೆ ಪಾರವಿರಲಿಲ್ಲ. ಬೆಳಗ್ಗೆ ಫೋನು ತೆರೆದರೆ ‘ಟಾಂಕಿ ತುಂಬಿದೆ’. ನೆರೆಮನೆಯವರಿಗೆಲ್ಲ ತೋರಿಸಿದೆ. ಹನ್ನೊಂದನೆಯ ದಿನವೂ ತುಂಬಿತ್ತು, ಹನ್ನೆರಡನೆಯ ದಿನವೂ ತುಂಬಿತ್ತು. ಹದಿನಾಲ್ಕನೆಯ ದಿನ ನೀರು ಬಿಡುವ ಸರದಿ. ತೋಟದ ಕೆಲಸದವನು ಗೇಟ್‌ವಾಲ್ವ್ ತಿರುಗಿಸಿದರೆ ಕೊಳವೆಯಿಂದ ಬರಿಯ ಗಾಳಿ. ಮೇಲೆ ಹೋಗಿ ನೋಡಿದಾಗ, ಕಾಡುಹಂದಿಗಳು ನುಗ್ಗಿ ಟಾಂಕಿಯ ಬುಡದ ಕೊಳವೆಯ ಜೋಡಣೆ ಕಳಚಿತ್ತು. ನೀರೆಲ್ಲ ಗುಡ್ಡದ ಪಾಲಾಗಿತ್ತು. ಯಂತ್ರದ ಪೆಟ್ಟಿಗೆಯೂ ನೆಲಕ್ಕೆ ಬಿದ್ದು ಒಡೆದಿತ್ತು. ಸತ್ತ ಯಂತ್ರದ ಕೊನೆಯ ಮಾತನ್ನೇ ದಲ್ಲಾಳಿ ದಿನವೂ ನನಗೆ ಒಪ್ಪಿಸುತ್ತಿದ್ದ. ಆ ವರ್ಷ ನೆಟ್ಟ ಅಡಿಕೆ ಸಸಿಗಳಲ್ಲಿ ಇಪ್ಪತ್ತರಷ್ಟು ಉಳಿಯಲಿಲ್ಲ.

ನಾನು ‘ಬಿಡು’ ಎಂದ ವಿಭಾಗ ಯಾವುದೆಂದು ಅಂದು ರಾತ್ರಿ ತಿಳಿಯಿತು. ಈ ನಿಯಮಾವಳಿಯಲ್ಲಿ ಯಂತ್ರವು ಮೊದಲೇ ಒಂದು ಉಯಿಲನ್ನು ದಲ್ಲಾಳಿಯ ಬಳಿ ಬರೆದಿಡಬಹುದು. ಗೊತ್ತುಪಡಿಸಿದ ಅವಧಿಯೊಳಗೆ ಯಂತ್ರ ಉಸಿರೆತ್ತದಿದ್ದರೆ, ಅದು ಅಳಿದಿದೆಯೆಂದು ಬಗೆದು ದಲ್ಲಾಳಿ ಆ ಉಯಿಲನ್ನು ಎಲ್ಲರಿಗೂ ಓದಿ ಹೇಳುತ್ತಾನೆ. ನನ್ನ ಕನ್ನಡದ ಅಲಂಕಾರಕ್ಕೆ ಜಾಗ ಮಾಡಿಕೊಡಲು ಮೊಮ್ಮಗ ಕೈಬಿಟ್ಟಿದ್ದು ಇದನ್ನೇ. “ನಾನೇ ಬಿಡಿಸಿ ಹೇಳಬೇಕಾಗಿತ್ತು ಅಜ್ಜ” ಎಂದು ಅವನು ನೊಂದುಕೊಂಡ. ಕೇಳಬೇಕಾದವನು ನಾನಾಗಿದ್ದೆ.

ಪರಿಹಾರ ಸರಳವಾಗಿತ್ತು. ಹಿಂದೆ ಮದುವೆಗೆ ಶುಭಾಶಯದ ತಂತಿ ಕಳುಹಿಸುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಅಂಚೆ ಕಚೇರಿಯಲ್ಲಿ ಶುಭಾಶಯ ವಾಕ್ಯಗಳ ಪಟ್ಟಿ ತೂಗುಹಾಕಿರುತ್ತಿತ್ತು. ನಾವು ಬರೆಯುತ್ತಿದ್ದುದು ಪಟ್ಟಿಯಲ್ಲಿನ ಸಂಖ್ಯೆಯನ್ನಷ್ಟೇ. ಮದುವೆ ಮನೆಗೆ ತಲಪುತ್ತಿದ್ದುದು ಪೂರ್ಣ ವಾಕ್ಯ. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು. ಅದರ ಯುಕ್ತಿ ನಿಂತಿಲ್ಲ. ಎಂ.ಕ್ಯು.ಟಿ.ಟಿ.-ಎಸ್.ಎನ್.ನಲ್ಲಿಯೂ ಉದ್ದನೆಯ ವಿಷಯನಾಮಕ್ಕೆ ಬದಲಾಗಿ ಮೊದಲೇ ಒಪ್ಪಿಕೊಂಡ ಎರಡು ಬೈಟಿನ ಸಂಖ್ಯೆಯನ್ನು ಬಳಸಬಹುದು. ಮೊಮ್ಮಗ ಅದನ್ನೇ ಮಾಡಿದ. ಸುದ್ದಿಯ ವಾಕ್ಯಗಳಿಗೂ ಒಂದೊಂದು ಸಂಖ್ಯೆ ಕೊಟ್ಟ. ಗುಡ್ಡದಿಂದ ಈಗ ಬರುವುದು ಅಂಕೆಗಳು ಮಾತ್ರ. ನನ್ನ ಫೋನಿನಲ್ಲಿ ಅದು ಕನ್ನಡವಾಗುತ್ತದೆ, ಕೆಲಸದವನ ಫೋನಿನಲ್ಲಿ ಮಲಯಾಳವಾಗುತ್ತದೆ. ಉಳಿದ ಜಾಗದಲ್ಲಿ ಉಯಿಲು ಹಿಂದಿರುಗಿ ಬಂದಿತು.

ಕನ್ನಡ ವಾಕ್ಯಗಳ ಪಟ್ಟಿಯನ್ನು ತಯಾರಿಸುವಾಗ ಮೊಮ್ಮಗನಿಗೆ ಅಕ್ಷರ ತಿಳಿಯದೆ ಕಷ್ಟವಾಯಿತು. ಒಟ್ಟು ಏಳು ವಾಕ್ಯ. ಎರಡನ್ನು ನಾನು ಬರೆದುಕೊಟ್ಟೆ. ಮೂರನೆಯದನ್ನು ತಾನೇ ಬರೆಯುವುದಾಗಿ ಹೇಳಿ ನನ್ನ ಬಳಿ ಕುಳಿತ. ‘ಟ’ಕ್ಕೂ ‘ಠ’ಕ್ಕೂ ಇರುವ ವ್ಯತ್ಯಾಸವನ್ನು, ಐವತ್ತು ವರ್ಷಗಳ ಹಿಂದೆ ಆ ಗುಡ್ಡದ ಶಾಲೆಯಲ್ಲಿ ಹೇಳಿದಂತೆಯೇ, ನಾನು ಅವನಿಗೆ ಹೇಳಿದೆ. ಇಪ್ಪತ್ತೈದರ ಹುಡುಗ ಬೆರಳಿಟ್ಟು ಓದಿದ.

ಈಗ ಕೊಟ್ಟ ಮಾತಿನಂತೆ ಕನ್ನಡದ ವಿಷಯ. 1956ರಲ್ಲಿ ಈ ನಾಡು ಕೇರಳಕ್ಕೆ ಸೇರಿದಂದಿನಿಂದ ನಾವು ಕನ್ನಡವನ್ನು ಇಕ್ಕಟ್ಟಿನ ಜಾಗದಲ್ಲಿ ನೆಟ್ಟು ಬೆಳೆಸುತ್ತಿದ್ದೇವೆ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ಲೆಕ್ಕ ನಮಗೂ ತಪ್ಪಿಲ್ಲ. ಸಂಘದ ವಾರ್ಷಿಕ ವರದಿಗಳನ್ನು ಬಹಳ ಕಾಲ ಬರೆದವನು ನಾನೇ. ‘ಕನ್ನಡದ ಚಟುವಟಿಕೆಗಳು ಸಮೃದ್ಧವಾಗಿ ನಡೆದಿವೆ’ ಎಂಬ ವಾಕ್ಯವನ್ನು ಹಿಂದಿನ ವರ್ಷದ ವರದಿಯಿಂದ ಎತ್ತಿ ಬರೆದದ್ದುಂಟು. ಹಾರ, ಶಾಲು, ಮೆರವಣಿಗೆಗಳಿಗೆ ಜಾಗ ಮಾಡಿಕೊಂಡೆವು. ಯಾವ ಮನೆಯಲ್ಲಿ ಕನ್ನಡ ಓದುವುದು ನಿಂತಿತು, ಯಾವ ಶಾಲೆಯ ಒಂದನೆಯ ತರಗತಿಗೆ ಈ ಜೂನಿನಲ್ಲಿ ಮಕ್ಕಳು ಬರಲಿಲ್ಲ ಎಂದು ತಿಳಿಸುವ ಏರ್ಪಾಡನ್ನು ಮಾಡಿಕೊಳ್ಳಲಿಲ್ಲ. ನಾನು ಆ ವರದಿಗಳನ್ನು ಬರೆಯುತ್ತಿದ್ದಾಗ ಓದುವುದು ನಿಂತದ್ದು ನನ್ನ ಮಗಳ ಮನೆಯಲ್ಲಿಯೇ. ಅದು ನನ್ನ ಯಾವ ವರದಿಯಲ್ಲೂ ಬರಲಿಲ್ಲ.

ಸಂಘದ ಮುಂದೆ ನನ್ನದೊಂದು ಸಣ್ಣ ಬಿನ್ನಹ. ಮುಂದಿನ ವರದಿಯಲ್ಲಿ ನಡೆದ ಕಾರ್ಯಕ್ರಮಗಳ ಪಟ್ಟಿಯ ಜೊತೆಗೆ, ವರ್ಷವಿಡೀ ಸುದ್ದಿಯೇ ಬಾರದ ಶಾಲೆ, ವಾಚನಾಲಯ, ಮನೆಗಳ ಪಟ್ಟಿಯೂ ಇರಲಿ. ಒಬ್ಬೊಬ್ಬ ಸದಸ್ಯರು ಒಂದೊಂದು ಕಡೆಗೆ ಹೋಗಿಬರಲಿ. ಗುಡ್ಡದ ಯಂತ್ರದ ಉಯಿಲಿನ ಮಾತನ್ನು ರಚಿಸುವ ಕೆಲಸವನ್ನು ಮೊಮ್ಮಗ ನನಗೆ ಒಪ್ಪಿಸಿದ್ದ. ಬಹಳ ಯೋಚಿಸಿ ಎರಡು ಪುಟ್ಟ ವಾಕ್ಯ ಕೊಟ್ಟೆ. ಅವನೇ ಅಕ್ಷರ ಕೂಡಿಸಿ ಪಟ್ಟಿಯ ಏಳನೆಯ ಸಾಲಿನಲ್ಲಿ ಬರೆದಿದ್ದಾನೆ: ‘ಮೇಲಿನಿಂದ ಸುದ್ದಿಯಿಲ್ಲ. ಹೋಗಿ ನೋಡಿ.’